ಸರಪಳಿ ಹಿಡಿದ ಸೇನಾನಿ



ನಿಮ್ಮ ಮನೆಯಲ್ಲಿ ಜಮೀನಿನ ಪಹಣಿ ಇದ್ದರೆ ಒಮ್ಮೆ ತೆಗೆದು ನೋಡಿ. ವಿಸ್ತೀರ್ಣವನ್ನು ಎಕರೆ, ಗುಂಟೆಗಳಲ್ಲಿ ಬರೆದಿರುತ್ತಾರೆ. 40 ಗುಂಟೆಗೆ ಒಂದು ಎಕರೆ ಎಂದು ನೀವೆಲ್ಲ ಬಲ್ಲಿರಿ. ಆದರೆ ಒಂದು ಗುಂಟೆ ಎಂದರೆ ಎಷ್ಟು? 33 ಅಡಿ ಉದ್ದ, 33 ಅಡಿ ಅಗಲದ ಒಂದು ಚೌಕ. ಏಕೆ 33? 30 ಅಥವಾ 35 ಏಕಲ್ಲ?

17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ ಎಂಬಾತ ನೆಲ ಅಳೆಯಲು 66 ಅಡಿ ಉದ್ದದ, 100 ಕೊಂಡಿಗಳ ಸರಪಳಿಯೊಂದನ್ನು ಬಳಕೆಗೆ ತಂದ. ಅಂಥ 80 ಸರಪಳಿಗೆ ಒಂದು ಮೈಲಿ. 10 ಚದರ ಸರಪಳಿಗೆ ಒಂದು ಎಕರೆ. ಲೆಕ್ಕ ಎಷ್ಟು ಸಲೀಸು ನೋಡಿ. ನಮ್ಮ ಕಡೆಯ ಮೋಜಣಿದಾರರು ಹೊತ್ತು ತಿರುಗಿದ 33 ಅಡಿಯ ಸರಪಳಿ ಸರಿಯಾಗಿ ಇದರ ಅರ್ಧ. ಗುಂಟರ್, ಗುಂಟೆ ಎಂಬ ಹೆಸರುಗಳ ಹೋಲಿಕೆ ಮಾತ್ರ ಆಕಸ್ಮಿಕ. ಗುಂಟೆ ನಮ್ಮದೇ ಹಳೆಯ ಮಾತು.

ಈ ಸರಪಳಿಯನ್ನು ಅಮೆರಿಕದ ಕಾಡಿನೊಳಕ್ಕೆ ಒಯ್ದವರಲ್ಲಿ ಒಬ್ಬ ರೂಫಸ್ ಪಟ್ನಮ್. ಮೊದಲು ಗಿರಣಿ ಕಟ್ಟುವ ಬಡಗಿ, ಆಮೇಲೆ ಸೇನೆಯ ಎಂಜಿನಿಯರ್, ಕೊನೆಗೆ ಹೊಸ ಊರೊಂದನ್ನು ನೆಲೆಗೊಳಿಸಿ ಅಲ್ಲಿಯ ನ್ಯಾಯಾಧೀಶನೂ ಮೋಜಣಿಯ ಮುಖ್ಯಾಧಿಕಾರಿಯೂ ಆದವನು. ಅವನ ಬದುಕನ್ನು ಓದುತ್ತ ಹೋದರೆ ಒಂದು ಪ್ರಶ್ನೆ ನಮ್ಮ ಮುಂದೆ ನಿಲ್ಲುತ್ತದೆ: ನೆಲವನ್ನು ಅಳೆದವನಿಗೆ ಆ ನೆಲ ಸೇರುತ್ತದೆಯೇ?

ಅಕ್ಷರಕ್ಕಾಗಿ ಹಕ್ಕಿ ಹೊಡೆದ ಹುಡುಗ

ಪಟ್ನಮ್ ಹುಟ್ಟಿದ್ದು 1738ರ ಏಪ್ರಿಲ್ 9ರಂದು, ಮ್ಯಾಸಚೂಸೆಟ್ಸ್ ಪ್ರಾಂತದ ಸಟನ್ ಎಂಬ ಹಳ್ಳಿಯಲ್ಲಿ. ಏಳರ ವಯಸ್ಸಿಗೆ ತಂದೆ ತೀರಿಕೊಂಡ. ತಾಯಿ ಮರುಮದುವೆಯಾದಳು. ಮಲತಂದೆ ಹೋಟೆಲು ನಡೆಸುತ್ತಿದ್ದ, ಓದುಬರಹ ಬಾರದವನು. ಬಾರದಿದ್ದರೆ ಹೋಗಲಿ, ಓದುವವರನ್ನು ಕಂಡರೂ ಅವನಿಗೆ ಆಗುತ್ತಿರಲಿಲ್ಲ. ಪುಸ್ತಕ ಹಿಡಿದು ಕೂತ ಹುಡುಗನನ್ನು ಗೇಲಿ ಮಾಡುತ್ತಿದ್ದ, ಶಾಲೆಗೆ ಕಳಿಸಲಿಲ್ಲ.

ಹುಡುಗ ಸುಮ್ಮನೆ ಕೂರಲಿಲ್ಲ. ತಂಗಲು ಬಂದವರಿಗೆ ಚಾಕರಿ ಮಾಡಿ ಅವರು ಕೊಟ್ಟ ಚಿಲ್ಲರೆ ಕಾಸು ಕೂಡಿಟ್ಟ. ಆ ಕಾಸಿನಿಂದ ಕೋವಿಗೆ ಮದ್ದುಗುಂಡು ಕೊಂಡ. ಕಾಡಿನ ಹಕ್ಕಿಗಳನ್ನು ಹೊಡೆದು ಮಾರಿದ. ಮಾರಿ ಬಂದ ಹಣದಲ್ಲಿ ಕಾಗುಣಿತದ ಒಂದು ಪುಸ್ತಕ ತಂದ, ಆಮೇಲೆ ಅಂಕಗಣಿತದ್ದು. ಹದಿನಾರರ ವಯಸ್ಸಿನಲ್ಲಿ ನೀರಿನಿಂದ ತಿರುಗುವ ಗಿರಣಿಗಳನ್ನು ಕಟ್ಟುವ ಒಬ್ಬ ಕುಶಲಕರ್ಮಿಯ ಬಳಿ ಕೆಲಸ ಕಲಿಯಲು ಸೇರಿದ. ಆ ಯಜಮಾನನೂ ಶಾಲೆಗೆ ಕಳಿಸಲಿಲ್ಲ. ಆದರೆ ಚಳಿಗಾಲದ ಉದ್ದನೆಯ ರಾತ್ರಿಗಳಲ್ಲಿ ಓದಲು ಮೇಣದಬತ್ತಿ ಕೊಡಲು ಬೇಡವೆನ್ನಲಿಲ್ಲ. ಪಟ್ನಮ್‌ನ ವಿದ್ಯಾಭ್ಯಾಸವೆಂದರೆ ಇಷ್ಟೇ. ಕೊನೆಯವರೆಗೂ ಅವನ ಬರವಣಿಗೆಯಲ್ಲಿ ಕಾಗುಣಿತದ ತಪ್ಪುಗಳು ಉಳಿದವು, ಅದರ ನೋವೂ ಉಳಿಯಿತು.

1757ರಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ಉತ್ತರ ಅಮೆರಿಕದಲ್ಲಿ ಯುದ್ಧ ನಡೆಯುತ್ತಿದ್ದಾಗ ಬ್ರಿಟಿಷರ ಪರ ಸೇನೆ ಸೇರಿದ. ಮೂರು ವರ್ಷಗಳ ಬಳಿಕ ಹಿಂದಿರುಗಿ ಗಿರಣಿ ಕಟ್ಟಿದ, ಬೇಸಾಯ ಮಾಡಿದ, ಜಮೀನು ಅಳೆಯುವ ಕೆಲಸವನ್ನೂ ತಾನಾಗಿಯೇ ಕಲಿತ.

ಹೆಪ್ಪುಗಟ್ಟಿದ ಗುಡ್ಡದ ಮೇಲೆ

1775ರಲ್ಲಿ ಅಮೆರಿಕದ ವಸಾಹತುಗಳು ಬ್ರಿಟಿಷರ ವಿರುದ್ಧ ಬಂಡೆದ್ದವು. ಬಾಸ್ಟನ್ ನಗರ ಬ್ರಿಟಿಷರ ಕೈಯಲ್ಲಿತ್ತು. ಸುತ್ತ ಜಾರ್ಜ್ ವಾಷಿಂಗ್ಟನ್‌ನ ಸೇನೆ. ಆ ಸೇನೆಯಲ್ಲಿ ಸೈನಿಕರಿದ್ದರು, ಕೋಟೆಕೊತ್ತಲ ಕಟ್ಟಬಲ್ಲ ಎಂಜಿನಿಯರುಗಳು ಮಾತ್ರ ತೀರ ವಿರಳ. ಗಿರಣಿ ಕಟ್ಟಿದವನಿಗೆ ಅಡ್ಡಗೋಡೆ ಕಟ್ಟಲು ಬಂದೀತು ಎಂದು ಪಟ್ನಮ್‌ನನ್ನು ಆ ಕೆಲಸಕ್ಕೆ ಹಚ್ಚಿದರು.

ನಗರದ ದಕ್ಷಿಣಕ್ಕೆ ಡಾರ್ಚೆಸ್ಟರ್ ಎಂಬ ಗುಡ್ಡಸಾಲು. ಅದರ ಮೇಲೆ ಫಿರಂಗಿ ಏರಿಸಿದರೆ ನಗರವೂ ಬಂದರೂ ಅವುಗಳ ಗುರಿಗೆ ಸಿಗುತ್ತವೆ. ಆದರೆ ಫೆಬ್ರವರಿಯ ಚಳಿಗೆ ನೆಲ ಒಂದು ಅಡಿಗೂ ಹೆಚ್ಚು ಆಳ ಹೆಪ್ಪುಗಟ್ಟಿತ್ತು. ಮಣ್ಣಿನಲ್ಲಿಯ ನೀರು ಮಂಜುಗಡ್ಡೆಯಾದಾಗ ಕಣಗಳನ್ನೆಲ್ಲ ಬೆಸೆದುಬಿಡುತ್ತದೆ. ನೆಲ ಕಾಂಕ್ರೀಟಿನಂತೆ ಗಟ್ಟಿಯಾಗುತ್ತದೆ. ಗುದ್ದಲಿ ಇಳಿಯದ ಕಡೆ ಕಂದಕ ತೋಡುವುದೆಂತು? ಅದೂ ಒಂದೇ ರಾತ್ರಿಯಲ್ಲಿ, ಶತ್ರುವಿಗೆ ಸುಳಿವು ಸಿಗದಂತೆ?

ವಾಷಿಂಗ್ಟನ್ ಈ ಸಮಸ್ಯೆಯನ್ನು ಪಟ್ನಮ್‌ನ ಮುಂದಿಟ್ಟ. ಉತ್ತರ ತೋಚದೆ ಹಿಂದಿರುಗುವಾಗ ಪಟ್ನಮ್ ಇನ್ನೊಬ್ಬ ಸೇನಾಧಿಕಾರಿ ಹೀತ್‌ನ ಬಿಡಾರಕ್ಕೆ ಹೋದ. ಅಲ್ಲಿ ಮೇಜಿನ ಮೇಲೆ ಸೈನ್ಯದ ಎಂಜಿನಿಯರಿಂಗ್ ಕುರಿತು ಮುಲ್ಲರ್ ಬರೆದ ಪುಸ್ತಕವೊಂದು ಕಣ್ಣಿಗೆ ಬಿತ್ತು. ಓದಲು ಕೇಳಿದ. ಪುಸ್ತಕ ಎರವಲು ಕೊಡುವ ಅಭ್ಯಾಸವಿಲ್ಲ ಎಂದ ಹೀತ್. ಪಟ್ನಮ್ ಬಿಡಲಿಲ್ಲ, ಕಾಡಿ ಬೇಡಿ ತಂದ. ಮರುದಿನ ಪುಟ ತಿರುವುತ್ತಿದ್ದಾಗ ಅವನು ಕೇಳಿರದ ಒಂದು ಪದ ಸಿಕ್ಕಿತು: ಶ್ಯಾಂಡಲಿಯರ್. ನಮ್ಮ ಸಭಾಂಗಣಗಳ ತೂಗುದೀಪವಲ್ಲ; ನೆಲದ ಮೇಲೆ ನಿಲ್ಲಿಸುವ ಗಟ್ಟಿ ಮರದ ಚೌಕಟ್ಟು. ಅದರೊಳಗೆ ಬಿಗಿಯಾಗಿ ಕಟ್ಟಿದ ರೆಂಬೆಕೊಂಬೆಗಳ ಹೊರೆ ತುಂಬಿದರೆ ಗೋಡೆ ಸಿದ್ಧ. ಅಗೆಯುವ ಪ್ರಮೇಯವೇ ಇಲ್ಲ.

1776ರ ಮಾರ್ಚ್ 4ರ ರಾತ್ರಿ, ಮೊದಲೇ ಮಾಡಿಟ್ಟಿದ್ದ ಚೌಕಟ್ಟುಗಳನ್ನು ಗಾಡಿಗಳಲ್ಲಿ ಹೇರಿ ಗುಡ್ಡದ ಮೇಲೆ ಸಾಗಿಸಿದರು. ಬೆಳಕು ಹರಿದಾಗ ನಿನ್ನೆ ಬರಿದಾಗಿದ್ದ ಗುಡ್ಡದ ಮೇಲೆ ಬ್ರಿಟಿಷರು ಕಂಡದ್ದು ಕೊತ್ತಲ, ಅದರ ಹಿಂದೆ ಫಿರಂಗಿಗಳು. ಎದುರಿಸಲು ಅವರು ಯೋಚಿಸಿದ್ದುಂಟು. ಬಿರುಗಾಳಿ ಅಡ್ಡ ಬಂತು. ಮಾರ್ಚ್ 17ರಂದು ಬಾಸ್ಟನ್ ತೊರೆದು ಹಡಗು ಹತ್ತಿದರು. ಕಾಸಿಗೆ ಕಾಸು ಕೂಡಿಸಿ ಓದು ಕಲಿತವನಿಗೆ, ಎರವಲು ತಂದ ಪುಸ್ತಕದ ಒಂದು ಪುಟ ದಾರಿ ತೋರಿಸಿತ್ತು.

ಸಂಬಳದ ಬದಲು ನೆಲ

ಪಟ್ನಮ್ ಮುಂದೆ ಕರ್ನಲ್ ಪದವಿಯ ಎಂಜಿನಿಯರ್ ಆದ. ಪ್ರತ್ಯೇಕ ಎಂಜಿನಿಯರ್ ದಳ ಬೇಕೆಂಬ ಅವನ ಸಲಹೆಗೆ ಕಾಂಗ್ರೆಸ್ ಸಭೆ ಕಿವಿಗೊಡದಿದ್ದಾಗ 1776ರ ಕೊನೆಗೆ ಆ ಹುದ್ದೆ ಬಿಟ್ಟು ಕಾಲಾಳುಪಡೆಯನ್ನು ನಡೆಸಿದ. 1778ರಲ್ಲಿ ಹಡ್ಸನ್ ನದಿಯ ದಡದ ವೆಸ್ಟ್ ಪಾಯಿಂಟ್‌ನಲ್ಲಿ ಅವನ ಪಡೆ ಕಟ್ಟಿದ ಕೋಟೆಗೆ ಇಂದಿಗೂ ಅವನದೇ ಹೆಸರು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನೆ ಶರಣಾಯಿತು. ಆ ಸೇನೆಯ ದಂಡನಾಯಕ ನಮಗೆ ಅಪರಿಚಿತನೇನಲ್ಲ. ಹನ್ನೊಂದು ವರ್ಷಗಳ ಬಳಿಕ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನು ಬರೆಸಿಕೊಂಡ ಕಾರ್ನ್‌ವಾಲೀಸನೇ ಅವನು.

ಯುದ್ಧ ಗೆದ್ದರೂ ಸೈನಿಕರ ಜೇಬು ಬರಿದು. ಸಂಬಳದ ಬದಲು ಕೊಟ್ಟ ಸರ್ಕಾರಿ ಚೀಟಿಗಳಿಗೆ ಪೇಟೆಯಲ್ಲಿ ಬೆಲೆಯಿರಲಿಲ್ಲ. 1783ರಲ್ಲಿ 280ಕ್ಕೂ ಹೆಚ್ಚು ಅಧಿಕಾರಿಗಳು ಒಂದು ಅರ್ಜಿ ಬರೆದರು: ಓಹಾಯೊ ನದಿಯ ಸೀಮೆಯಲ್ಲಿ ನಮಗೆ ನೆಲ ಕೊಡಿ. ಅದನ್ನು ವಾಷಿಂಗ್ಟನ್‌ಗೆ ಕಳಿಸಿದ ಪಟ್ನಮ್ ತನ್ನದೊಂದು ಪತ್ರವನ್ನೂ ಜೊತೆಗಿಟ್ಟ. ಆರು ಮೈಲಿ ಚೌಕದ ಊರುಸೀಮೆಗಳನ್ನಾಗಿ ನೆಲವನ್ನು ವಿಂಗಡಿಸಬೇಕು, ಪ್ರತಿ ಸೀಮೆಯಲ್ಲೂ ಶಾಲೆಗಾಗಿ ನೆಲ ಮೀಸಲಿಡಬೇಕು ಎಂಬುದು ಅದರಲ್ಲಿದ್ದ ಸಲಹೆಗಳಲ್ಲಿ ಮುಖ್ಯವಾದದ್ದು.

1785ರಲ್ಲಿ ಕಾಂಗ್ರೆಸ್ ಮಾಡಿದ ಭೂಶಾಸನದಲ್ಲಿ ಇಂಥದೇ ಏರ್ಪಾಡು ಕಾಣುತ್ತದೆ. ಆರು ಮೈಲಿ ಚೌಕದ ಒಂದೊಂದು ಸೀಮೆಯಲ್ಲಿ ಒಂದು ಮೈಲಿ ಚೌಕದ 36 ತುಂಡುಗಳು. ಒಂದು ತುಂಡು ಎಂದರೆ 80 ಸರಪಳಿ ಉದ್ದ, 80 ಸರಪಳಿ ಅಗಲ. ಗುಣಿಸಿದರೆ 6400 ಚದರ ಸರಪಳಿ, ಅಂದರೆ 640 ಎಕರೆ. ಅವುಗಳಲ್ಲಿ 16ನೆಯ ತುಂಡು ಶಾಲೆಗೆ ಮೀಸಲು. ಶಾಲೆಯ ಬಾಗಿಲು ಕಾಣದ ಹುಡುಗ ದೊಡ್ಡವನಾಗಿ ಕೇಳಿದ್ದು ಏನೆಂದು ನೆನಪಿಡಿ.

ಮಸ್ಕಿಂಗಮ್ ನದಿಯ ದಡದಲ್ಲಿ

1786ರ ಮಾರ್ಚ್ 1ರಂದು ಬಾಸ್ಟನ್ನಿನ ಒಂದು ಪಾನಗೃಹದಲ್ಲಿ ಪಟ್ನಮ್ ಮತ್ತು ಗೆಳೆಯರು ಓಹಾಯೊ ಕಂಪನಿಯನ್ನು ಕಟ್ಟಿದರು. ಬೆಲೆಯಿಲ್ಲದ ಸಂಬಳಚೀಟಿಗಳನ್ನೇ ಒಟ್ಟುಗೂಡಿಸಿ ಸರ್ಕಾರದಿಂದ ನೆಲ ಕೊಳ್ಳುವುದು ಅವರ ಉಪಾಯ. ಕಂಪನಿಯ ಪರವಾಗಿ ಮನಾಸೆ ಕಟ್ಲರ್ ಎಂಬ ಪಾದ್ರಿ ಮಾತುಕತೆ ನಡೆಸಿದ. 15 ಲಕ್ಷ ಎಕರೆಗೆ ಕರಾರಾಯಿತು. ಕೊನೆಗೆ ದಕ್ಕಿದ್ದು ಅದಕ್ಕಿಂತ ಕಡಿಮೆ. 1787ರ ಜುಲೈ 13ರಂದು ಕಾಂಗ್ರೆಸ್ ಹೊರಡಿಸಿದ ವಾಯವ್ಯ ಶಾಸನ ಆ ಪ್ರಾಂತದಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತು. ಮೂಲನಿವಾಸಿಗಳ ನೆಲವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳಬಾರದು ಎಂಬ ಮಾತೂ ಅದೇ ಶಾಸನದಲ್ಲಿತ್ತು.

ಪಟ್ನಮ್ ಕರೆತಂದ 48 ಮಂದಿಯ ತಂಡ ಚಳಿಗಾಲದಲ್ಲಿ ಬೆಟ್ಟ ದಾಟಿ, ದೋಣಿಗಳನ್ನು ತಾವೇ ಕಟ್ಟಿಕೊಂಡು, 1788ರ ಏಪ್ರಿಲ್ 7ರಂದು ಮಸ್ಕಿಂಗಮ್ ನದಿ ಓಹಾಯೊವನ್ನು ಸೇರುವ ಸಂಗಮಕ್ಕೆ ಬಂದಿಳಿಯಿತು. ಡೆಲವೇರ್ ಬುಡಕಟ್ಟಿನ ಮುಖಂಡ ಕ್ಯಾಪ್ಟನ್ ಪೈಪ್ ಮತ್ತು ಅವನ ಜನ ಅವರನ್ನು ಸೌಹಾರ್ದದಿಂದಲೇ ಎದುರುಗೊಂಡರು. ಹೊಸ ಊರಿಗೆ ಮಾರಿಯೆಟ್ಟಾ ಎಂದು ಹೆಸರಿಟ್ಟರು. ಸ್ವಾತಂತ್ರ್ಯಯುದ್ಧದಲ್ಲಿ ನೆರವಾದ ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್‌ಳ ನೆನಪಿಗೆ ಆ ಹೆಸರು. ಸೆಪ್ಟೆಂಬರಿನಲ್ಲಿ ಅಲ್ಲಿ ಮೊದಲ ನ್ಯಾಯಾಲಯ ಕೂಡಿದಾಗ ಪೀಠದಲ್ಲಿ ಪಟ್ನಮ್ ಇದ್ದ. 1790ರಲ್ಲಿ ವಾಷಿಂಗ್ಟನ್ ಅವನನ್ನು ಇಡೀ ವಾಯವ್ಯ ಪ್ರಾಂತದ ನ್ಯಾಯಾಧೀಶರಲ್ಲೊಬ್ಬನನ್ನಾಗಿ ನೇಮಿಸಿದ.

ಬಂದವರಿಗೆ ಒಂದು ಅಚ್ಚರಿ ಕಾದಿತ್ತು. ಕಾಡಿನ ನಡುವೆ ಮಣ್ಣಿನ ಒಡ್ಡುಗಳು, ಚೌಕನೆಯ ದಿಬ್ಬಗಳು, ಸುಮಾರು 30 ಅಡಿ ಎತ್ತರದ ಶಂಕುವಿನಾಕಾರದ ಗುಡ್ಡೆ. ಇಂದಿನ ಪುರಾತತ್ತ್ವಜ್ಞರ ಪ್ರಕಾರ ಅವು ಎರಡು ಸಾವಿರ ವರ್ಷಗಳಷ್ಟು ಹಿಂದೆ ಮೂಲನಿವಾಸಿಗಳ ಪೂರ್ವಜರು ಕಟ್ಟಿದವು. ಪಟ್ನಮ್ ಅವುಗಳನ್ನು ಅಳೆದು ನಕ್ಷೆ ಬರೆದ. ಕಂಪನಿ ಅವುಗಳಿಗೆ ಸಾರ್ವಜನಿಕ ಜಾಗ ಮೀಸಲಿಟ್ಟಿತು. ಒಂದಷ್ಟನ್ನು ಮುಂದಿನವರು ಇಟ್ಟಿಗೆಯ ಮಣ್ಣಿಗಾಗಿ ಕೆಡವಿದರು ನಿಜ, ಆದರೆ ಗುಡ್ಡೆ ಈಗಲೂ ನಿಂತಿದೆ.

ಇಲ್ಲೇ ಸ್ವಲ್ಪ ನಿಂತು ಯೋಚಿಸಿ. ಆ ಗುಡ್ಡೆ ಏನು ಹೇಳುತ್ತಿತ್ತು? ಇದು ಯಾರೂ ಇಲ್ಲದ ಬೀಳುನೆಲವಲ್ಲ, ಇಲ್ಲಿ ನಮಗಿಂತ ಮುಂಚೆ ಅಳೆದು ಕಟ್ಟಿದವರಿದ್ದಾರೆ ಎಂದಲ್ಲವೇ?

ನೆಲ ಯಾರದು?

1789ರ ಜನವರಿಯಲ್ಲಿ, ಹೊಸ ಊರಿನೆದುರಿನ ಹಾರ್ಮಾರ್ ಕೋಟೆಯಲ್ಲಿ ಒಡಂಬಡಿಕೆಯೊಂದು ಆಯಿತು. ಕೆಲವು ಬುಡಕಟ್ಟುಗಳ ಮುಖಂಡರು ಸಹಿ ಹಾಕಿದರು. ಶಾನಿ, ಮಯಾಮಿ ಮೊದಲಾದವರು ಒಪ್ಪಲಿಲ್ಲ. ಓಹಾಯೊ ನದಿಯೇ ಗಡಿ, ಅದರ ಉತ್ತರಕ್ಕೆ ಬರಬೇಡಿ ಎಂಬುದು ಅವರ ವಾದ. ಆದರೆ ದೋಣಿಗಳು ಬರುತ್ತಲೇ ಇದ್ದವು.

1791ರ ಜನವರಿ 2ರಂದು ಮಸ್ಕಿಂಗಮ್ ನದಿಯ ಮೇಲ್ದಂಡೆಯ ಬಿಗ್ ಬಾಟಮ್ ಎಂಬಲ್ಲಿ, ಪೂರ್ತಿ ಕಟ್ಟಿ ಮುಗಿಯದ ಕಾವಲುಮನೆಯ ಮೇಲೆ ಡೆಲವೇರ್ ಮತ್ತು ವಯಂಡಾಟ್ ಯೋಧರು ಎರಗಿದರು. ಹನ್ನೆರಡು ಮಂದಿಗೂ ಹೆಚ್ಚು ಸತ್ತರು. ಪಟ್ನಮ್ ಕೂಡಲೇ ವಾಷಿಂಗ್ಟನ್‌ಗೆ ಪತ್ರ ಬರೆದು ಸೇನೆ ಬೇಡಿದ. ಅದೇ ನವೆಂಬರ್ 4ರಂದು ಗವರ್ನರ್ ಸೇಂಟ್ ಕ್ಲೇರ್‌ನ ಸೇನೆ ಬುಡಕಟ್ಟುಗಳ ಒಕ್ಕೂಟದ ಮುಂದೆ ಮಣ್ಣುಮುಕ್ಕಿತು; 600ಕ್ಕೂ ಹೆಚ್ಚು ಸೈನಿಕರು ಸತ್ತರು.

ಸೋಲಿನ ಮರುವರ್ಷ ಸಂಧಿಯ ಹೊಣೆ ಪಟ್ನಮ್‌ನ ಹೆಗಲಿಗೆ ಬಂತು. ಕಾರ್ನ್‌ವಾಲೀಸ್ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ನೆಲ ಬರೆಸಿಕೊಂಡನಲ್ಲ, ಅದೇ 1792ನೆಯ ಇಸವಿ. ಸೆಪ್ಟೆಂಬರ್ 27ರಂದು ವಿನ್ಸೆನ್ಸ್ ಎಂಬ ಊರಿನಲ್ಲಿ ಪಟ್ನಮ್ ವಾಬಾಶ್ ಮತ್ತು ಇಲಿನಾಯ್ ಬುಡಕಟ್ಟುಗಳೊಂದಿಗೆ ಒಡಂಬಡಿಕೆ ಮಾಡಿಕೊಂಡ. ಅದರ ನಾಲ್ಕನೆಯ ಕಲಮು ಓದಿ ಯಾರಾದರೂ ಬೆರಗಾಗಬೇಕು. ಈ ನೆಲ ಮೂಲತಃ ಬುಡಕಟ್ಟುಗಳದು, ಅವರದು ಮಾತ್ರ. ಮಾರುವ ಹಕ್ಕು ಅವರಿಗುಂಟು, ಮಾರೆವು ಎನ್ನುವ ಹಕ್ಕೂ ಉಂಟು ಎಂಬುದು ಅದರ ತಾತ್ಪರ್ಯ.

ಮಾರೆವು ಎನ್ನುವ ಹಕ್ಕು! ಪಟ್ನಮ್‌ನ ಮೂಲಕ ಸರ್ಕಾರದ ಹೆಸರಿನಲ್ಲಿ ಈ ಮಾತು ಕಾಗದಕ್ಕೆ ಬಂತು. ಆದರೆ ಸೆನೆಟ್ ಅದನ್ನು ಒಪ್ಪಲಿಲ್ಲ. ಮಾರುವುದಾದರೆ ಅಮೆರಿಕ ಸರ್ಕಾರಕ್ಕೇ ಮಾರಬೇಕು ಎಂಬ ಷರತ್ತು ಅದರಲ್ಲಿಲ್ಲ ಎಂಬುದು ಆಕ್ಷೇಪ. 1794ರ ಜನವರಿಯಲ್ಲಿ ಒಡಂಬಡಿಕೆ ಬಿದ್ದುಹೋಯಿತು. ಅದೇ ಆಗಸ್ಟಿನಲ್ಲಿ ಫಾಲನ್ ಟಿಂಬರ್ಸ್ ಕಾಳಗದಲ್ಲಿ ಬುಡಕಟ್ಟುಗಳು ಸೋತವು. 1795ರ ಗ್ರೀನ್‌ವಿಲ್ ಒಡಂಬಡಿಕೆಯಲ್ಲಿ ಇಂದಿನ ಓಹಾಯೊ ರಾಜ್ಯದ ಬಹುಭಾಗವನ್ನು ಬಿಟ್ಟುಕೊಟ್ಟವು.

ಪಟ್ನಮ್‌ನನ್ನು ಈಗ ಯಾವ ಕಡೆ ನಿಲ್ಲಿಸೋಣ? ವಿನ್ಸೆನ್ಸಿನಲ್ಲಿ ನೆಲ ಅವರದೆಂದು ಒಪ್ಪಿ ಸಹಿ ಮಾಡಿದವನೂ ಅವನೇ. ಬೇರೆಯವರು ಬಿಟ್ಟುಕೊಡಲೊಪ್ಪದ ನೆಲದಲ್ಲಿ ಊರು ಕಟ್ಟಿ, ಅದನ್ನು ಕಾಯಲು ಸೇನೆ ಕರೆಸಿದವನೂ ಅವನೇ. ಒಂದನ್ನು ಮರೆಮಾಚಿ ಇನ್ನೊಂದನ್ನು ಹೇಳಿದರೆ ಅದು ಚರಿತ್ರೆಯಾಗದು.

ದುಂಡು ಭೂಮಿ, ಚೌಕದ ಗೆರೆ

1796ರಲ್ಲಿ ವಾಷಿಂಗ್ಟನ್ ಅವನನ್ನು ಅಮೆರಿಕದ ಮೋಜಣಿ ಇಲಾಖೆಯ ಮುಖ್ಯಸ್ಥನನ್ನಾಗಿ ಮಾಡಿದ. ಗ್ರೀನ್‌ವಿಲ್ ಗಡಿರೇಖೆಯನ್ನು ನೆಲದ ಮೇಲೆ ಗುರುತಿಸುವ ಕೆಲಸವೂ ಅವನ ಕಾಲದ್ದೇ. ಇಲ್ಲಿ ವಿಜ್ಞಾನದ ಒಂದು ತೊಡಕು ಎದುರಾಗುತ್ತದೆ.

ಭೂಮಿ ದುಂಡಗಿದೆ, ಉತ್ತರ-ದಕ್ಷಿಣದ ರೇಖಾಂಶಗಳೆಲ್ಲ ಧ್ರುವದಲ್ಲಿ ಕೂಡುತ್ತವೆ. ಹಾಗಾಗಿ ಆರು ಮೈಲಿ ಅಂತರದಲ್ಲಿ ಹೊರಟ ಎರಡು ಉತ್ತರದ ಗೆರೆಗಳು ಆರು ಮೈಲಿ ಹೋಗುವಷ್ಟರಲ್ಲಿ ಓಹಾಯೊದ ಅಕ್ಷಾಂಶದಲ್ಲಿ ಸುಮಾರು 40 ಅಡಿ ಹತ್ತಿರ ಬಂದಿರುತ್ತವೆ. ಗೋಳದ ಮೇಲೆ ಸರಿಯಾದ ಚೌಕಗಳನ್ನು ಸಾಲಾಗಿ ಜೋಡಿಸುವುದು ಸಾಧ್ಯವೇ ಇಲ್ಲ. ದಿಕ್ಸೂಚಿಯ ಮುಳ್ಳೂ ನಿಜವಾದ ಉತ್ತರವನ್ನು ತೋರಿಸದೆ ಊರಿಂದೂರಿಗೆ ಬೇರೆ ಬೇರೆ ಕೋನದಲ್ಲಿ ವಾಲುತ್ತದೆ. ಇದನ್ನೆಲ್ಲ ಸರಿದೂಗಿಸಲು ನಕ್ಷತ್ರ ನೋಡಿ ರೇಖಾಂಶ ಹಾಕುವ ಗಣಿತ ಬೇಕು. ಮೇಣದಬತ್ತಿಯ ಬೆಳಕಿನಲ್ಲಿ ಕಲಿತ ಅಂಕಗಣಿತ ಅಲ್ಲಿಯವರೆಗೆ ಹೋಗಲಾರದು.

1803ರಲ್ಲಿ ಅಧ್ಯಕ್ಷ ಜೆಫರ್ಸನ್ ಪಟ್ನಮ್‌ನನ್ನು ತೆಗೆದು ಜೇರೆಡ್ ಮ್ಯಾನ್ಸ್‌ಫೀಲ್ಡ್ ಎಂಬ ಗಣಿತದ ಮೇಷ್ಟರನ್ನು ಆ ಜಾಗಕ್ಕೆ ತಂದ. ಪಟ್ನಮ್ ಎದುರುಪಕ್ಷದವನೆಂಬ ರಾಜಕೀಯವೂ ಅದರಲ್ಲಿತ್ತು. ಗಣಿತದ ಕೊರತೆಯೂ ಸುಳ್ಳಲ್ಲ. ಅದೇ ಕಾಲಕ್ಕೆ ನಮ್ಮ ಮೈಸೂರು ಸೀಮೆಯಲ್ಲೂ ಸೇನೆಯವರೇ ನೆಲ ಅಳೆಯುತ್ತಿದ್ದರು. ಟಿಪ್ಪು ಮಡಿದ 1799ರ ನಂತರ ಮದರಾಸಿನ ಸೇನಾ ಎಂಜಿನಿಯರ್ ಕಾಲಿನ್ ಮೆಕೆಂಜಿ ಮೈಸೂರಿನ ಮೋಜಣಿ ಕೈಗೊಂಡ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ತ್ರಿಕೋನಮಿತಿಯ ಮೋಜಣಿಗೆ ಆಧಾರರೇಖೆ ಅಳೆದ. ಅಲ್ಲಿಯಂತೆ ಇಲ್ಲೂ, ಸರಪಳಿ ಬಂದದ್ದು ಸೇನೆಯ ಬೆನ್ನಿಗೇ.

1802ರಲ್ಲಿ ಓಹಾಯೊ ರಾಜ್ಯದ ಸಂವಿಧಾನ ರಚಿಸಿದ ಸಭೆಯಲ್ಲಿ ಪಟ್ನಮ್ ಸದಸ್ಯನಾಗಿದ್ದ, ಗುಲಾಮಗಿರಿಯ ವಿರುದ್ಧ ನಿಂತ. ನಿಷೇಧ ಉಳಿಯಿತು. ಆದರೆ ಕಪ್ಪುಜನರಿಗೆ ಮತದ ಹಕ್ಕು ಕೊಡುವ ಸೂಚನೆ ಅದೇ ಸಭೆಯಲ್ಲಿ ಬಿದ್ದುಹೋಯಿತು. ಕಂಪನಿಯ ನೆಲದಲ್ಲಿ ಎರಡು ಊರುಸೀಮೆಗಳನ್ನು ವಿಶ್ವವಿದ್ಯಾಲಯಕ್ಕೆಂದು ತೆಗೆದಿಟ್ಟಿದ್ದರು. 1804ರಲ್ಲಿ ಆಥೆನ್ಸ್ ಎಂಬಲ್ಲಿ ಸ್ಥಾಪನೆಯಾದ ಓಹಾಯೊ ವಿಶ್ವವಿದ್ಯಾಲಯ ಇಂದಿಗೂ ನಡೆಯುತ್ತಿದೆ. ಅದರ ಮೊದಲ ಧರ್ಮದರ್ಶಿಗಳಲ್ಲಿ ಶಾಲೆ ಕಲಿಯದ ಪಟ್ನಮ್ ಒಬ್ಬ.

1824ರ ಮೇ 4ರಂದು, 86ರ ವಯಸ್ಸಿನಲ್ಲಿ, ಮಾರಿಯೆಟ್ಟಾದಲ್ಲಿ ಅವನು ತೀರಿಕೊಂಡ. ಊರಿನ ಮಸಣ ಆ ಹಳೆಯ ಗುಡ್ಡೆಯ ಸುತ್ತಲೇ ಇದೆ. ಅಲ್ಲೇ ಅವನ ಸಮಾಧಿ. ನೆಲವನ್ನು ಮೊದಲು ಕಟ್ಟಿದವರ ಗುಡ್ಡೆ ನಡುವೆ, ಆಮೇಲೆ ಅಳೆದವರ ಗೋರಿಗಳು ಸುತ್ತ. ಅವನು ಸತ್ತು ಇಪ್ಪತ್ತು ವರ್ಷವಾಗುವ ಮೊದಲೇ, 1843ರಲ್ಲಿ, ಆ ರಾಜ್ಯದಲ್ಲಿ ನೆಲ ಉಳಿಸಿಕೊಂಡಿದ್ದ ಕೊನೆಯ ಬುಡಕಟ್ಟಾದ ವಯಂಡಾಟರನ್ನೂ ಪಶ್ಚಿಮಕ್ಕೆ ಸಾಗಹಾಕಲಾಯಿತು. ಓಹಾಯೊ, ಮಸ್ಕಿಂಗಮ್ ಎಂಬ ನದಿಗಳ ಹೆಸರು ಮಾತ್ರ ಅವರ ಭಾಷೆಗಳದು. ಅವು ನಕ್ಷೆಯಲ್ಲಿ ಉಳಿದವು.

ಕಾರ್ಯಕ್ರಮ ನೋಡಿದ ಮೇಲೆ ನಿಮ್ಮ ತರಗತಿಯಲ್ಲಿ ಎರಡು ಗುಂಪು ಮಾಡಿಕೊಂಡು ವಿನ್ಸೆನ್ಸಿನ ಒಡಂಬಡಿಕೆಯ ಬಗ್ಗೆ ಚರ್ಚಿಸಿ. ಸೆನೆಟ್ ಅದನ್ನು ಒಪ್ಪಿದ್ದರೆ ಏನಾಗುತ್ತಿತ್ತು, ಪಟ್ನಮ್‌ನ ಊರು ಉಳಿಯುತ್ತಿತ್ತೇ ಎಂದು ಕೇಳಿಕೊಳ್ಳಿ. ಇನ್ನೊಂದು ಕೆಲಸವನ್ನು ಮನೆಯಲ್ಲಿ ಮಾಡಿ. ಪಹಣಿಯಲ್ಲಿ ನಿಮ್ಮ ಹೊಲಕ್ಕೆ ಒಂದು ಸರ್ವೆ ನಂಬರು ಇರುತ್ತದೆ. ಆ ನಂಬರು ಬೀಳುವ ಮುಂಚೆ ಆ ನೆಲವನ್ನು ಜನ ಏನೆಂದು ಕರೆಯುತ್ತಿದ್ದರು, ಅದನ್ನು ಯಾರು ಉಳುತ್ತಿದ್ದರು ಎಂದು ಅಜ್ಜ-ಅಜ್ಜಿಯರನ್ನು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ. ಆ ಮಾಹಿತಿ ಯಾವ ಪಹಣಿಯಲ್ಲೂ ಸಿಗುವುದಿಲ್ಲ.